ಬಾಣಂತಿ ಉಂಡು ಏಳುವವರೆಗೆ

...ಅಲ್ಲವೇ ರಮಾಮಣಿ, ಅಷ್ಟಕ್ಕೇ ಸಾಕು ಅಂದ್ರೆ ಹೇಗೆ? ಬಾಣಂತಿ ನೀನು. ನೀನು ಉಂಡರೆ ತಾನೇ ಕೂಸಿಗೆ ಹಾಲು. ಇನ್ನೊಂದು ಸೌಟು ಸಾರು ಹಾಕ್ತೀನಿ, ತಡಿ. ಸೊಸೆಗೆ ಇಷ್ಟು ಉಪಚಾರ ಮಾಡೋ ಅತ್ತೆ ಈ ಅಗ್ರಹಾರದಲ್ಲಿ ಇನ್ನೊಬ್ಬಳಿಲ್ಲ ಕಣೇ... ನಗು, ನಗು.

ನನ್ನ ಸೀರೆಯೇ? ಹೌದು, ಒದ್ದೆ. ಊರಾಚೆ ಪ್ಲೇಗಿನ ಜೋಪಡಿಗೆ ಹೋಗಿ ಬಂದವಳು, ತಲೆಗೆ ನೀರು ಹಾಕಿಕೊಳ್ಳದೆ ನಿಮ್ಮನ್ನ ಮುಟ್ಟಲೇ? ಬಾಗಿಲು ಹಾಕಿದ್ದು... ಗಾಳಿಗೆ. ನೀನು ಉಣ್ಣು.

ನೋಡಿದೆ ಕಣೇ, ನಿನ್ನ ಗಂಡನನ್ನ ನೋಡಿಯೇ ಬಂದೆ. ಜ್ವರ... ಜ್ವರ ಇಲ್ಲ ಈಗ. ಮೈ ತಣ್ಣಗಿದೆ. ನರಳೋದೂ ನಿಂತಿದೆ. ಮಲಗಿದ್ದ, ನಾನು ಎಬ್ಬಿಸಲಿಲ್ಲ.

ಮಾತಾಡಿದ್ದು ನಿನ್ನೆ. ಕೂಸು ಯಾರ ಹಾಗಿದೆ ಅಂತ ಕೇಳಿದ. ಮೂಗು ನಿನ್ನದೇ ಅಂದೆ. ಅಯ್ಯೋ ಪಾಪ ಅಂದ.

ಲಷ್ಕರ್ ಮೊಹಲ್ಲಾದ ಆ ಗುರುಮಲ್ಲಪ್ಪನ ಮನೆಯಲ್ಲಿ ಎಲ್ಲರೂ ಪ್ಲೇಗು ಬಂದು ಮಲಗಿದಾಗ ಅವರ ನೆಂಟರೇ ಓಡಿಹೋದರು. ಗಂಜಿ ಕುಡಿಸೋಕೆ ಇವನೇ ಹೋಗಬೇಕಿತ್ತೇ? ಬಸುರಿ ಹೆಂಡತಿ ಇದಾಳೆ ಮನೇಲಿ ಅಂತ ಬೈದೆ ನಾನು. 'ನೀರು ನೀರು ಅಂತ ಅವರು ಕೂಗೋದನ್ನ ಕೇಳಿಸಿಕೊಂಡು ಬಂದು ಯಾವ ದೇವರ ಮುಂದೆ ನಿಲ್ಲಲಮ್ಮ?' ಅಂದ. 

ಅವನಿಗೆ ಕಂಕುಳಲ್ಲಿ ಗೆಡ್ಡೆ ಎದ್ದಾಗಿನಿಂದ ನಾನು ಹೊರದ ಹರಕೆಯಿಲ್ಲ. ಬೆಟ್ಟದ ತಾಯಿಗೆ ಸೀರೆ, ನಂಜನಗೂಡಲ್ಲಿ ಉರುಳುಸೇವೆ... ನಿನ್ನೆ ಅದನ್ನೆಲ್ಲ ಹೇಳಿದರೆ, ಆ ಸ್ಥಿತಿಯಲ್ಲೂ ನಕ್ಕ. ದೇವರ ಹತ್ತಿರ ಚೌಕಾಸಿ ಬೇಡಮ್ಮ, ನನ್ನನ್ನ ಅವನಿಗೆ ಒಪ್ಪಿಸಿಬಿಡು ಅಂದ. ಒಪ್ಪಿಸೋದು ಅಷ್ಟು ಸುಲಭವೇ? ಎಲ್ಲಾ ನಿನ್ನದೇ ಅಂತ ಬಾಯಿ ದಿನಾ ಹೇಳುತ್ತೆ. ಕೈ ಮಾತ್ರ ಬಿಗಿಯಾಗಿ ಹಿಡಕೊಂಡೇ ಇರುತ್ತೆ.

ಇವತ್ತು ಬರ್ತಾ ದೇವಸ್ಥಾನದ ಮುಂದೆ ನಿಂತೆ. ಒಳಗೆ ಹೋಗಲಿಲ್ಲ. ಹೋಗೋ ಹಾಗಿರಲಿಲ್ಲ... ಮೈಲಿಗೆ ಬಟ್ಟೆ ಅಲ್ಲವೇ. ಬೀದಿಯಲ್ಲೇ ಸೆರಗೊಡ್ಡಿ ಹೇಳಿದೆ. ಸ್ವಾಮಿ, ನನ್ನ ಮಗ ಲಕ್ಷ್ಮೀನರಸಿಂಹ ನಿನ್ನವನು. ನಾನು ಸಾಕಿದೆ, ಅಷ್ಟೆ. ನಿನ್ನ ಮೇಲೆ ನನಗೆ ಕೋಪವಿಲ್ಲ ಅಂದೆ. ಕೋಪ ಇತ್ತು ಕಣೇ. ಆದರೂ ಹಾಗಂದೆ.

ಕಲಸಿಕೋ, ಆರಿಹೋಗುತ್ತೆ. ಈ ಮೆಣಸಿನ ಸಾರು ಅಂದ್ರೆ ಅವನಿಗೂ ಪ್ರಾಣವಾಗಿತ್ತು...

ಯಾಕೆ, ಕೈ ನಿಲ್ಲಿಸಿದೆ?

ನಾನೇನಂದೆ? ಪ್ರಾಣ ಅಂದೆ. ಆಗಿತ್ತು ಅಂದೆನೇ? ಪ್ರಾಣ ಅಂತ ತಾನೇ ಅಂದಿದ್ದು... ಹಾಗೆ ನೋಡಬೇಡ ಮಗಳೇ. ಏನಾದರೂ ಕೇಳು. ಯಾವಾಗ ಬರ್ತಾರೆ ಅಂತ ದಿನಾ ಕೇಳ್ತಿದ್ದೆಯಲ್ಲ, ಇವತ್ತೂ ಕೇಳು...

ರಮಾ, ಎಲೆ ಬಿಟ್ಟು ಏಳಬೇಡ. ಇನ್ನು ಸ್ವಲ್ಪ ಹೊತ್ತಿಗೆ ಜನ ಬಂದುಬಿಡ್ತಾರೆ. ಆಮೇಲೆ ನೀನು ಉಂಡೆಯಾ ಅಂತ ಯಾರೂ ಕೇಳೋಲ್ಲ. ನಂಗೊತ್ತು, ನಿನ್ನ ಮಾವ ಹೋದಾಗ ನಾನೂ ಆ ಮೂಲೆಯಲ್ಲಿ ಕೂತವಳೇ. ಎಲ್ಲಾ ಒಪ್ಪಿಸಿದ ಮೇಲೂ ದೇವರ ಹತ್ತಿರ ಒಂದೇ ಒಂದು ಕೇಳಿಕೊಂಡಿದ್ದೆ. ಇವಳು ಉಂಡು ಏಳೋವರೆಗೆ ನನ್ನ ಬಾಯಿ ಕಟ್ಟಪ್ಪಾ ಅಂತ...

ಆಯ್ತು. ಬಿಡು. ಇಲ್ಲಿ ಬಾ, ನನ್ನ ಹತ್ತಿರ ಬಾ.

ಅತ್ತುಬಿಡು ಮಗಳೇ. ಬೆಳಗಿನಿಂದ ನಾನೂ ಅತ್ತಿಲ್ಲ.