ಗುರುವಾರದ ಹೊಲಿಗೆ

ಬಸ್ಸಿನ ಸಾಲಿನಲ್ಲಿ ಮುಂದೆ ನಿಂತ ಅಕ್ಕತಂಗಿಯರ ಮಾತು ಕೇಳಬಾರದೆಂದು ಮೇಷ್ಟ್ರು ಎಷ್ಟು ಅಂದುಕೊಂಡರೂ ಹಾಳು ಕಿವಿ ಅಂಕೆಗೆ ಸಿಗಲಿಲ್ಲ.

“ಟೈಲರ್ ತಂಗಿ ಇದ್ದೂ ನನಗೆ ಈ ಗತಿ! ಕೋಟಿನ ಎರಡು ಜೇಬನ್ನೂ ಹೊಲಿದು ಮುಚ್ಚಿಬಿಟ್ಟಿದ್ದೀಯಲ್ಲೇ?”

“ಗುರುವಾರ ಹೊಲಿದಿದ್ದಲ್ವಾ ಅಕ್ಕ. ಆವತ್ತು ಫೋನಲ್ಲಿ ಕೌನ್ಸೆಲರ್ ಬರ್ತಾರೆ.”

“ಅವರ ಹತ್ರ ಮಾತಾಡುವಾಗ ಮಿಷನ್ ನಿಲ್ಲಿಸೋಕೇನು?”

“ನಿಲ್ಲಿಸಿದ್ರೆ ನನಗೆ ಮಾತೇ ಹೊರಡಲ್ಲ. ತುಳೀತಾ ಇರಿ ಅಂತ ಅವರೇ ಹೇಳಿದಾರೆ. ಸದ್ದಲ್ಲೇ ಅವರಿಗೆ ಗೊತ್ತಾಗತ್ತೆ. ಗಂಡನ ವಿಷಯಕ್ಕೆ ನಿಧಾನ, ಅತ್ತೆ ವಿಷಯಕ್ಕೆ ಜೋರು.”

“ಜೇಬಿನ ಮೇಲೆ ಮೂರು ಸಲ ಓಡಿಸಿದೀಯ. ಅದು ಯಾರ ವಿಷಯ?”

ತಂಗಿ ಬಸ್ಸು ಬರುವ ದಾರಿ ನೋಡಿದಳು.

“ನನ್ನದಾ? ನಾನೇನೇ ಮಾಡಿದೆ?”

“ನಿನ್ನ ವಿಷಯ ಶುರು ಮಾಡಿದ್ದೆ ಅಷ್ಟೇ, ಜೇಬು ಮುಗಿದೋಯ್ತು.”

ಬಸ್ಸು ಬಂತು. ಅಕ್ಕ ಮೆಟ್ಟಿಲು ಹತ್ತಿ ತಿರುಗಿದಳು.

“ಈ ಗುರುವಾರ ಹರಿದ ಬೆಡ್‌ಶೀಟ್ ಕಳಿಸ್ತೀನಿ. ನನ್ನ ವಿಷಯ ಅದರ ಮೇಲೇ ಮುಗಿಸ್ಕೋ.”