ದೊರೆ ಬಂಗಲೆಯ ಮುಂದೆ ನೆಟ್ಟ ಕಲ್ಲು

ಅಧ್ಯಕ್ಷತೆ ವಹಿಸಿರುವ ಮುರುಗೇಂದ್ರಪ್ಪನವರೇ, ಸ್ಮಾರಕದ ಕಲ್ಲನ್ನು ಅನಾವರಣ ಮಾಡಲು ಚಳ್ಳಕೆರೆಯಿಂದ ಬಂದಿರುವ ತಹಶೀಲ್ದಾರ್ ಸಾಹೇಬರೇ, ಯುವಕ ಸಂಘದ ಗೆಳೆಯರೇ, ತಳಕಿನ ಸುತ್ತಲ ಹಳ್ಳಿಗಳ ಸಭಿಕರೇ,

ನನಗೆ ಕೊಟ್ಟಿರುವುದು ಪ್ರಾಸ್ತಾವಿಕ ನುಡಿ, ಐದು ನಿಮಿಷ. "ಸಂಗಮೇಶ, ಕರಪತ್ರ ಓದಿದಂಗೆ ಓದಬೇಡಪ್ಪ, ಜನ ಎದ್ದು ಹೋಗ್ತಾರೆ" ಎಂದು ಅಧ್ಯಕ್ಷರು ಆಗಲೇ ಎಚ್ಚರಿಸಿದ್ದಾರೆ. ಬರೆದು ತಂದದ್ದನ್ನು ನಾನು ಓದುವುದಿಲ್ಲ. ಧ್ವನಿ ನಡುಗಿದರೆ ಮನ್ನಿಸಿ.

ದೇಶಕ್ಕೆ ಸ್ವಾತಂತ್ರ್ಯ ಬಂದು ಐವತ್ತು ವರ್ಷವಾಯಿತು. ಆದರೂ ಈ ಬಂಗಲೆಯ ಗೋಡೆಯ ಮೇಲೆ ಇರುವುದು ಇದನ್ನು ಕಟ್ಟಿಸಿದ ಇಂಗ್ಲಿಷ್ ದೊರೆಯ ಹೆಸರೊಂದೇ. ಗಾರೆ ಹೊತ್ತವರ ಹೆಸರು ಎಲ್ಲಿದೆ? ದನ ಮೇಯಿಸುವ ಕಾವಲು ಭೂಮಿಯನ್ನು ಕಳೆದುಕೊಂಡವರ ಹೆಸರು ಎಲ್ಲಿದೆ? ಹೂದೋಟಕ್ಕೆ ನುಗ್ಗಿತೆಂದು ದೊರೆ ಗುಂಡಿಕ್ಕಿ ಕೊಂದ, ದೇವರಿಗೆ ಬಿಟ್ಟ ಎತ್ತಿನ ಸುದ್ದಿ ಎಲ್ಲಿದೆ? ಹೀಗೆ ಕೇಳುತ್ತ ಎರಡು ವರ್ಷ ತಿರುಗಿದೆ. ಇದನ್ನೆಲ್ಲ ಕಲ್ಲಿನಲ್ಲಿ ಕೊರೆಸಬೇಕೆಂದು ಹಟ ಹಿಡಿದವನು ನಾನು. ಒಕ್ಕಣೆ ಬರೆದವನೂ ನಾನೇ.

ಬಂಗಲೆಯ ಹಿಂದೆ ಒಂದು ಕರಿ ಚಪ್ಪಡಿ ಅರ್ಧ ಹೂತುಕೊಂಡು ನಿಂತಿತ್ತು. ಜಾಗ ಈಗ ಅಧ್ಯಕ್ಷರದ್ದು. "ಕಿತ್ಕೊಂಡು ಹೋಗು, ಅದು ಯಾರದ್ದೂ ಅಲ್ಲ" ಎಂದರು. ಅಕ್ಷರವಿಲ್ಲದ ಕಲ್ಲು ಯಾರದ್ದೂ ಅಲ್ಲವೆಂದು ನಾನೂ ನಂಬಿದೆ. ಟ್ರ್ಯಾಕ್ಟರಿನಲ್ಲಿ ತರಿಸಿ, ಒಕ್ಕಣೆ ಕೊರೆಸಿ, ಇಲ್ಲಿ ನೆಡಿಸಿದೆ.

ಇವತ್ತು ಬೆಳಿಗ್ಗೆ ತೋರಣ ಕಟ್ಟುವಾಗ ಅಜ್ಜಪ್ಪನವರು ಬಂದರು. ದೇವರ ಎತ್ತುಗಳನ್ನು ಕಾಯುವ ಕಿಲಾರಿ ಅವರು. ಬಟ್ಟೆ ಸರಿಸಿ ಕಲ್ಲಿನ ಅಂಚು ಸವರಿದರು. ನಾನು ಹೆಮ್ಮೆಯಿಂದ, "ನಿಮ್ಮ ಕಥೆಯೇ ಅಜ್ಜ, ಓದಲಾ?" ಎಂದೆ.

"ನಂಗೆ ಓದೋಕೆ ಬರಲ್ಲ ಕಣಪ್ಪ. ಕಲ್ಲಿನ ಗುರುತು ಮಾತ್ರ ಐತೆ. ದೊರೆ ಹೊಡೆದನಲ್ಲ, ಆ ಎತ್ತನ್ನ ಹೂತು ಮ್ಯಾಲೆ ನಿಲ್ಸಿದ್ದು ಇದನ್ನೇ. ವರ್ಷಕ್ಕೊಂದು ಸಲ ಹಾಲು ಬಿಡ್ತೀವಿ."

ಅವರು ಬೈಯಲಿಲ್ಲ. ಬೈದಿದ್ದರೆ ವಾದ ಮಾಡುತ್ತಿದ್ದೆನೋ ಏನೋ.

"ದೊರೆಗೆ ನಮ್ಮ ಮಾತು ಬರ್ತಿರಲಿಲ್ಲ. ನಿಂಗೆ ಬರ್ತೈತಲ್ಲಪ್ಪ, ಒಂದು ಮಾತು ಕೇಳಬಾರದಾಗಿತ್ತಾ? ಈಗ ಈ ಉಳಿ ಏಟು ಹೋಗ್ತಾವಾ?"

ಸಭಿಕರೇ, ಹೋಗುವುದಿಲ್ಲ. ಕಲ್ಲುಕುಟಿಗನನ್ನು ಕೇಳಿದೆ. ಹೋಗುವುದೇ ಇಲ್ಲ. ಎರಡು ವರ್ಷ ಊರೂರಲ್ಲಿ ಅವರ ಪರವಾಗಿ ಮಾತಾಡಿದೆ. ಅವರ ಜೊತೆ ಎಷ್ಟು ಮಾತಾಡಿದೆ? ದನ ಕಾಯುವವರ ಹಕ್ಕಿನ ಬಗ್ಗೆ ಹನ್ನೊಂದು ಪುಸ್ತಿಕೆ ಓದಿದ್ದೇನೆ. ಕಿಲಾರಿಯ ಮನೆ ಅಂಗಳದಲ್ಲಿ ಒಂದು ದಿನವೂ ಕೂತವನಲ್ಲ.

ಅಜ್ಜಪ್ಪನವರ ಜನ ಈಗ ಪೆಂಡಾಲಿನ ಹೊರಗೆ, ಜಾಲಿ ಮರದ ಕೆಳಗೆ ನಿಂತಿದ್ದಾರೆ. ನಾವು ದಾರ ಎಳೆದು ಚಪ್ಪಾಳೆ ತಟ್ಟುತ್ತೇವೋ ಇಲ್ಲವೋ ಎಂದು ನೋಡುತ್ತಿದ್ದಾರೆ.

ಸಾಹೇಬರೇ, ದಯವಿಟ್ಟು ದಾರದಿಂದ ಕೈ ತೆಗೆಯಿರಿ. ಅಧ್ಯಕ್ಷರೇ, ಕುಳಿತುಕೋ ಎಂದು ಸನ್ನೆ ಮಾಡುತ್ತಿದ್ದೀರಿ, ಕಾಣುತ್ತಿದೆ. ಕೂರುವುದಿಲ್ಲ. ಕಲ್ಲನ್ನು ಮೊದಲಿದ್ದ ಜಾಗದಲ್ಲೇ ತಿರುಗಿ ನೆಡಬೇಕೋ, ಬೇರೆ ಕಲ್ಲು ಹುಡುಕಬೇಕೋ, ನಾನು ದಂಡ ತೆರಬೇಕೋ, ಅದನ್ನು ಹೇಳಬೇಕಾದವರು ಈ ವೇದಿಕೆಯ ಮೇಲಿಲ್ಲ.

ಇಷ್ಟು ಹೊತ್ತು ನನ್ನ ಮಾತು ಸಹಿಸಿದ್ದಕ್ಕೆ ನಿಮಗೆಲ್ಲ ಕೃತಜ್ಞ. ನಾನೀಗ ಇಳಿದು ಮರದ ಕೆಳಗೆ ಹೋಗುತ್ತಿದ್ದೇನೆ, ಕೇಳುವುದಕ್ಕೆ. ಹೊರಗೆ ನಿಂತವರಿಗೆ ಮೊದಲು, ಆಮೇಲೆ ನಿಮಗೆ, ನಮಸ್ಕಾರ.