ಇನ್ನಾಸಪ್ಪನ ಪೇಟ, ಲೂರ್ದಮ್ಮನ ಹುಲ್ಲು

ಕೇಳ್ರಪ್ಪೋ ಕೇಳ್ರಿ! ಎಲೆಅಡಿಕೆ ಆಮೇಲೆ ಹಾಕ್ಕೊಳ್ಳಿ, ಮೊದ್ಲು ಇದನ್ನ ಕೇಳ್ರಿ! ಇನ್ನಾಸಪ್ಪ ಪಟೇಲ ಬರೀ ತಲೇಲಿ, ಮೈತುಂಬ ಸಗಣಿ ಮಾಡ್ಕೊಂಡು, ಬಿಷಪ್ ಸ್ವಾಮಿಗಳ ಎದುರು ನಗ್ತಾ ಕೂತಿದ್ದ! ನಂಬಕ್ಕಾಗುತ್ತಾ? ಇಲ್ಲ ತಾನೆ? ತಡೀರಿ, ಬುಡದಿಂದ ಹೇಳ್ತೀನಿ.

ಅತ್ಲಾಗೊಂದು ಗುಡ್ಡ, ಇತ್ಲಾಗೊಂದು ಹೊಳೆ, ನಡುವೆ ಒಂದೂರು. ಹೆಸರು ಹೇಳಲ್ಲ, ಹೇಳಿದ್ರೆ ಆ ಊರೋರು ದೊಣ್ಣೆ ಹಿಡ್ಕೊಂಡು ಬರ್ತಾರೆ. ಆ ಊರಿಗೆ ಇನ್ನಾಸಪ್ಪ ಪಟೇಲ. ಅವನ ಪೇಟ ಹನ್ನೆರಡು ಮೊಳ! ಮದುವೇಲಿ ಬಾಗ್ಲಿಲ್ಲ, ಸಾವಲ್ಲಿ ಬಾಗ್ಲಿಲ್ಲ, ಯಾರ ಮುಂದೂ ಬಾಗ್ಲಿಲ್ಲ. "ದೇವರು ನನ್ನ ಹುಟ್ಟಿಸಿದ್ದೇ ತಲೆ ಎತ್ತಿ ನಡೆಯೋಕೆ ಕಣ್ರೋ!" ಅಂತಿದ್ದ.

ಆ ವರ್ಷ ಕ್ರಿಸ್ಮಸ್ಸಿಗೆ ಬಿಷಪ್ ಸ್ವಾಮಿಗಳು ಬರ್ತಾರೆ ಅಂತ ಸುದ್ದಿ. ಪಟೇಲ ತಮಟೆ ಹೊಡೆಸ್ದ. "ಯೇಸುಸ್ವಾಮಿ ಹಬ್ಬ! ಊರಲ್ಲಿ ಸಗಣಿ ವಾಸ್ನೆ ಬರಕೂಡದು! ದನ ಎಲ್ಲಾ ಹೊಳೆ ಆಚೆ! ಹುಲ್ಲು ಎಲ್ಲಾ ಹೊಳೆ ಆಚೆ!"

ನೋಡ್ರಿ ಬುದ್ಧೀನ! ಕೊಟ್ಟಿಗೇಲಿ ಹುಟ್ಟಿದ ದೇವರ ಹಬ್ಬಕ್ಕೆ ದನಾನೇ ಊರು ಬಿಡ್ಸಿದ್ರು!

ಒಬ್ಬಳು ಮಾತ್ರ ಕೇಳ್ಲಿಲ್ಲ. ಊರ ಕೊನೇಲಿರೋ ಮುದುಕಿ ಲೂರ್ದಮ್ಮ. "ನನ್ನ ಹಸ ಕೆಂದಿ ತುಂಬಿದ ಗಬ್ಬ ಪಟೇಲ್ರೇ, ಹೊಳೆ ದಾಟಲ್ಲ" ಅಂದ್ಲು.

"ಹಬ್ಬದ ದಿನ ಅದು ಇಲ್ಲಿದ್ರೆ ನಿನ್ನನ್ನೂ ದಾಟಿಸ್ತೀನಿ!"

ಹಬ್ಬದ ಬೆಳಿಗ್ಗೆ ಬಂತು. ಆ ಊರ ಕಟ್ಟಳೆ ಏನು ಗೊತ್ತಾ? ಪಟೇಲನೇ ಮಣ್ಣಿನ ಬಾಲಯೇಸುವನ್ನ ಎತ್ತಿ ಗೋದಲೀಲಿ, ಅಂದ್ರೆ ಹಬ್ಬಕ್ಕೆ ಕಟ್ಟೋ ಪುಟ್ಟ ಕೊಟ್ಟಿಗೇಲಿ, ಮಲಗಿಸ್ಬೇಕು. ಒಂದ್ಸಲ ಎತ್ತಿದ ಕೂಸನ್ನ ಹುಲ್ಲಿನ ಮೇಲಲ್ಲದೆ ಬೇರೆಲ್ಲೂ ಇಳಿಸೋ ಹಾಗಿಲ್ಲ. ಪಟೇಲ ಎತ್ತಿದ. ಗೋದಲಿ ನೋಡ್ದ. ಬೆಳ್ಳಿ ತೊಟ್ಟಿಲು ಇದೆ, ರೇಷ್ಮೆ ಇದೆ, ನಕ್ಷತ್ರ ಇದೆ. ಹುಲ್ಲು?

"ಏ ಮರಿಯಣ್ಣ, ಹುಲ್ಲೆಲ್ಲೋ?"

ತಮಟೆ ಮರಿಯಣ್ಣ ತಲೆ ಕೆರ್ಕೊಂಡ. "ನೀವೇ ಹೊಳೆ ದಾಟಿಸಿದ್ರಲ್ಲ ಯಜಮಾನ್ರೇ!"

ತನ್ನ ಕಾಲ ಮೇಲೆ ತಾನೇ ಕಲ್ಲು ಹಾಕ್ಕೊಂಡಿದ್ದ! ಕೂಸು ಎತ್ಕೊಂಡೇ ಓಡ್ದ. ತನ್ನ ಕೊಟ್ಟಿಗೆ ನೋಡ್ದ, ತೊಳೆದಿತ್ತು. ತಮ್ಮನ ಕೊಟ್ಟಿಗೆ ನೋಡ್ದ, ಸುಣ್ಣ ಹೊಡೆದಿತ್ತು. ಕಣ ನೋಡ್ದ, ರಂಗೋಲಿ ಹಾಕಿತ್ತು! "ಬಿಷಪ್ ಸ್ವಾಮಿಗಳ ಗಾಡಿ ಗುಡ್ಡ ಇಳೀತಿದೆ!" ಅಂತ ಕೂಗು ಬೇರೆ. ಇನ್ನೆಲ್ಲಿಗೆ ಹೋಗ್ತಾನೆ? ಲೂರ್ದಮ್ಮನ ಕೊಟ್ಟಿಗೆಗೇ!

ಬಾಗ್ಲು ಎಷ್ಟೆತ್ತರ? ಸೊಂಟದಷ್ಟು! ನೆಟ್ಟಗೆ ನುಗ್ಗಿದ, ಧಡ್! ಓರೆಯಾಗಿ ನುಗ್ಗಿದ, ಧಡ್! "ಲೂರ್ದಮ್ಮಾ, ಒಂದು ಹಿಡಿ ಹುಲ್ಲು ಆಚೆ ಎಸಿಯೇ!"

"ಕೈ ಬಿಡುವಿಲ್ಲ ಪಟೇಲ್ರೇ, ಕೆಂದಿ ಈಯ್ತಾವ್ಳೆ! ಬೇಕಿದ್ರೆ ಬಗ್ಗಿ ಬನ್ನಿ!"

ಕೇಳಿದ್ರಾ? ಪಟೇಲನಿಗೆ, ಬಗ್ಗಿ ಬನ್ನಿ ಅಂತೆ! ಅವನು ಕೂಸಿನ ಮುಖ ನೋಡ್ದ. ಕೂಸು ನಗ್ತಿತ್ತು. ಪೇಟ ತೆಗೆದು ಕಂಕುಳಲ್ಲಿ ಇಟ್ಕೊಂಡ. ಮಂಡಿಯೂರ್ದ. ತೆವಳ್ದ!

ಕೂಸನ್ನ ಹುಲ್ಲಿನ ಮೇಲೆ ಮಲಗಿಸಿ ಉಸ್ಸಪ್ಪಾ ಅಂದ. ಅಷ್ಟರಲ್ಲಿ ದೊಪ್ಪಂತ ಕರು ಬಿತ್ತು. ಉಸಿರೇ ಇಲ್ಲ!

"ಬಟ್ಟೆ! ಒರೆಸಕ್ಕೆ ಬಟ್ಟೆ ಕೊಡಿ!"

"ಬಟ್ಟೆ ಎಲ್ಲಿದೆಯೇ?"

"ನಿಮ್ಮ ಕಂಕುಳಲ್ಲಿ!"

ಹೊರಗೆ ಇಗರ್ಜಿ ಗಂಟೆ, ಢಣ್ ಢಣ್ ಢಣ್. ಪೇಟ ಸುತ್ಕೊಂಡು ಓಡಿದ್ರೆ ಬಿಷಪ್ ಸ್ವಾಮಿಗಳನ್ನ ಎದುರುಗೊಳ್ಳೋ ಮರ್ಯಾದೆ. ನಿಂತ್ರೆ ಸಗಣಿ. ಪಟೇಲ ಬಾಗ್ಲ ಕಡೆ ನೋಡ್ದ, ಕರು ಕಡೆ ನೋಡ್ದ. ಆಮೇಲೆ ನೋಡ್ರಿ, ಸರ್ರಂತ ಪೇಟ ಬಿಚ್ಚಿದ! ಮೂಗು ಒರೆಸ್ದ, ಬಾಯಿ ಒರೆಸ್ದ, ಮೈಯೆಲ್ಲಾ ತಿಕ್ಕಿ ತಿಕ್ಕಿ ಒರೆಸ್ದ. ಕರು ಅವನ ಮುಖಕ್ಕೇ ಸೀನ್ತು! ಅಂಬಾ ಅಂತು!

ಪಟೇಲನ್ನ ಹುಡುಕ್ಕೊಂಡು ಊರೆಲ್ಲಾ ಬಂತು, ಬಿಷಪ್ ಸ್ವಾಮಿಗಳೂ ಬಂದ್ರು. ತಮ್ಮ ಎತ್ತರದ ಟೋಪಿ ತೆಗೆದು, ಅವರೂ ಬಗ್ಗಿ ಒಳಗೆ ಬಂದ್ರು. "ಗೋದಲಿ ಎಲ್ಲಪ್ಪಾ ಪಟೇಲ?"

"ಇದೇ ಸ್ವಾಮಿ! ನಾನ್ಯಾಕೆ ಹುಟ್ಟಿದೆ ಅಂತ ಇವತ್ತು ಗೊತ್ತಾಯ್ತು! ತಲೆ ಎತ್ತೋಕಲ್ಲ, ಒರೆಸೋಕೆ!"

"ಹಂಗಾದ್ರೆ ಬಾಲಾನೂ ಒರೆಸಿ, ಇನ್ನೂ ಒದ್ದೆ ಐತೆ" ಅಂದ್ಲು ಲೂರ್ದಮ್ಮ. "ಆಮೇಲೆ ನನ್ನ ಹೊಳೆ ದಾಟಿಸೋರಂತೆ."

"ನೀನ್ಯಾಕೆ ದಾಟ್ತೀಯ ತಾಯಿ? ದನಗಳೇ ಈಚೆ ಬರ್ಲಿ!"

ತಗ್ಗಿದ ಕಡೆಗೇ ನೀರು ಅಂತಾರಲ್ಲ, ದೇವರೂ ಹಂಗೇ ಕಣ್ರಪ್ಪಾ. ಪೇಟ ಕರುವಿಗಾಯ್ತು, ಗಿಣ್ಣು ಊರಿಗಾಯ್ತು, ಕಥೆ ನಿಮಗಾಯ್ತು. ಅದ್ಸರಿ, ಕಂಕುಳಲ್ಲಿ ಪೇಟ, ಎದುರಿಗೆ ಒದ್ದೆ ಕರು, ಹೊರಗೆ ಗಂಟೆ. ನೀವಾಗಿದ್ರೆ ಏನ್ಮಾಡ್ತಿದ್ರಿ?